ಗೋಡೆಯಾಚೆಗೊಂದು ಟಿವಿ

ಸಿಗ್ನಲ್ಲಣ್ಣ ಕೂತು ಟಿವಿ ನೋಡಿದ್ದನ್ನು ಕಂಡವರು ಊರಿನಲ್ಲಿ ಯಾರೂ ಇಲ್ಲ. ಮನೆಮನೆಗೆ ಕೇಬಲ್ ಎಳೆದು ಇಡೀ ಊರಿಗೆ ಚಿತ್ರ ತೋರಿಸಿದವನು ಅವನೇ. ಆದರೆ ಅವನು ನೋಡುವುದು ಚಿತ್ರ ಬಂತೋ ಇಲ್ಲವೋ ಎಂಬುದನ್ನು ಮಾತ್ರ. ನಾಯಕ ಖಳನ ಕುತ್ತಿಗೆಗೆ ಕೈ ಹಾಕಿರುತ್ತಾನೆ, ಮನೆಯವರೆಲ್ಲ ಉಸಿರು ಬಿಗಿಹಿಡಿದಿರುತ್ತಾರೆ. ಇವನು "ಹಾಂ, ಕ್ಲಿಯರ್ ಇದೆ" ಎಂದು ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಮನೆಗೆ ಹೊರಟುಬಿಡುತ್ತಾನೆ. ನಿಂತಲ್ಲಿ ನಿಲ್ಲದ ಮನುಷ್ಯ. ಮಾತಾಡುವಾಗಲೂ ಬಲಗಾಲಿನ ಹಿಮ್ಮಡಿ ನೆಲ ಕುಟ್ಟುತ್ತಿರುತ್ತದೆ. "ಇವರಿಗೆ ದೇವರು ಸ್ವಿಚ್ ಇಡೋದನ್ನೇ ಮರೆತ" ಎನ್ನುತ್ತಾಳೆ ಅವನ ಹೆಂಡತಿ.

ಅವನ ಕಾರ್ಖಾನೆ ಮನೆಯ ಮೆಟ್ಟಿಲ ಕೆಳಗಿನ ಗೂಡು. ಅಲ್ಲಿ ಹಗಲೂ ರಾತ್ರಿ ಗುಂಯ್‌ಗುಡುವ ಯಂತ್ರಗಳಿಂದ ಹೊರಟ ಕಪ್ಪು ತಂತಿ ಚಾವಣಿಯಿಂದ ಚಾವಣಿಗೆ, ಕಂಬದಿಂದ ಕಂಬಕ್ಕೆ ಹಾರಿಕೊಂಡು ಊರನ್ನೆಲ್ಲ ಸುತ್ತುತ್ತದೆ. ತಂತಿ ಉದ್ದವಾದಷ್ಟೂ ಸಿಗ್ನಲ್ ಬಡವಾಗುತ್ತದೆ. ಅದಕ್ಕೆ ಅಲ್ಲಲ್ಲಿ ಪುಟ್ಟ ಪೆಟ್ಟಿಗೆಯೊಂದನ್ನು ಕೂರಿಸಿ ಶಕ್ತಿ ತುಂಬಬೇಕು. ಎಲ್ಲಿ ಎಷ್ಟು ಸೊರಗಿದೆ ಎಂದು ನೋಡಲು ಅವನ ಬಳಿ ಚರ್ಮದ ಚೀಲದ ಮೀಟರ್ ಇದೆ. ಗಾಜು ಒಂದು ಕಡೆ ಸೀಳಿದೆ, ಅಂಕಿ ಮಾತ್ರ ತಪ್ಪಿಲ್ಲ.

ಮನೆಗಳು ಈಗ ಒಂದೊಂದಾಗಿ ಬಿಡುತ್ತಿವೆ. ಮೊದಲು ಒಂದು ಮನೆಯಲ್ಲಿ ಒಂದು ಪರದೆ ಇರುತ್ತಿತ್ತು, ಅದರ ಮುಂದೆ ಎಲ್ಲರೂ ಇರುತ್ತಿದ್ದರು. ಈಗ ಹಜಾರಕ್ಕೆ ಕಾಲಿಟ್ಟರೆ ಅಪ್ಪ ಒಂದು ಮೂಲೆಯಲ್ಲಿ ಫೋನು ಕಿವಿಗೆ ಹತ್ತಿರ ಹಿಡಿದು ಪೇಟೆಯ ದರ ಕೇಳುತ್ತಿರುತ್ತಾನೆ. ಸೊಸೆ ಫೋನನ್ನು ಡಬ್ಬಕ್ಕೆ ಒರಗಿಸಿ ರವಿಕೆಯ ತೋಳು ಕತ್ತರಿಸುವುದನ್ನು ಕಲಿಯುತ್ತಿರುತ್ತಾಳೆ. ಮಗ ಮಂಚದ ಮೇಲೆ ಬೋರಲು ಬಿದ್ದು ಒಬ್ಬನೇ ನಗುತ್ತಿರುತ್ತಾನೆ. ಟಿವಿ ಯಾರಿಗೂ ಬೇಡವಾದ ನೆಂಟನ ಹಾಗೆ ತನ್ನ ಪಾಡಿಗೆ ತಾನು ಮಾತಾಡುತ್ತಿರುತ್ತದೆ. "ಕಟ್ ಮಾಡ್ಬಿಡು ಸಿಗ್ನಲ್ಲಣ್ಣ, ಬೇಜಾರು ಮಾಡ್ಕೋಬೇಡ" ಎನ್ನುತ್ತಾರೆ. ಅವನು ಬೇಜಾರು ಮಾಡಿಕೊಳ್ಳದೆ ಏಣಿ ಹತ್ತಿ ತಂತಿ ಸುತ್ತಿಕೊಳ್ಳುತ್ತಾನೆ. ಒಂದು ಸುತ್ತೂ ನೆಲದ ಮೇಲೆ ಉಳಿಯದಂತೆ, ಹೆಗಲಿಗೇ.

ನೆಲದ ಮೇಲೆ ತಂತಿ ಬಿಡದಿರುವುದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನು ಅಂಗಳದಲ್ಲಿ ತಂತಿಯ ಸುರುಳಿ ಬಿಚ್ಚಿಟ್ಟು, ಯಾವುದೋ ಮನೆಯಿಂದ ಫೋನು ಬಂತೆಂದು ಹಾಗೆಯೇ ಓಡಿದ್ದ. ನೀರಿನ ಬಿಂದಿಗೆ ಹಿಡಿದು ಬಂದ ತಾಯಿ ಅದನ್ನು ಎಡವಿ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಮನೆ ಅಪ್ಪನ ಕಾಲದಲ್ಲೇ ಎರಡಾಗಿತ್ತು, ನಡುವೆ ಒಂದು ಗೋಡೆ. ಆಚೆಯ ಭಾಗ ತಮ್ಮನದು. ಅವನು ಬಸ್ಸಿನ ಡ್ರೈವರ್, ಮದುವೆಯಾಗಿಲ್ಲ. ಮೊದಲ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುವವನು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನು ಅಣ್ಣನ ಮುಖ ನೋಡದೆ, "ನಿನ್ನ ತಂತಿ ಅಮ್ಮನ ಸೊಂಟ ಮುರೀತು. ಇವತ್ತಿಂದ ಅವಳು ನನ್ನ ಮನೇಲಿರ್ತಾಳೆ. ನೀನು ನನ್ನ ಬಾಗಿಲಿಗೆ ಬರ್ಬೇಡ" ಎಂದ. ಸಿಗ್ನಲ್ಲಣ್ಣ "ಕರೆದ್ರೂ ಬರಲ್ಲ ಹೋಗೋ" ಎಂದ. ಒಳಗೆ ಮಲಗಿದ್ದ ತಾಯಿಗೆ ಇದೆಲ್ಲ ಕೇಳಿಸಿತು. ಮರುದಿನ ಹಿರಿಯ ಮಗ ಹಾಸಿಗೆಯ ಬಳಿ ಬಂದಾಗ ಅವಳು ಮುಖ ತಿರುಗಿಸಿ, "ಅವನ ಹತ್ರ ಮಾತಾಡ್ಕೊಂಡು ಬಾ. ಬಂದ್ರೆ ಇಬ್ಬರೂ ಜೊತೆಗೆ ಬನ್ನಿ. ಕಂತು ಕಂತಾಗಿ ಬರೋ ಮಕ್ಕಳು ನನಗೆ ಬೇಡ" ಎಂದಳು. ಆ ಮನೆತನದಲ್ಲಿ ಜಗಳವಿಲ್ಲದೆ ಸಮಪಾಲಾಗಿ ಹಂಚಿಹೋದದ್ದು ಹಠವೊಂದೇ.

ಆದರೆ ಟಿವಿಯ ವಿಷಯದಲ್ಲಿ ತಾಯಿ ಸೋಲಲಿಲ್ಲ. "ಗೋಡೆ ನೋಡ್ಕೊಂಡು ಮಲಗಿರೋಕೆ ನನ್ನನ್ನೇನು ಸುಣ್ಣ ಅಂದ್ಕೊಂಡ್ಯಾ?" ಎಂದು ಕಿರಿಯವನನ್ನು ಕೇಳಿದಳು. ಅವನು ಗೋಡೆಗೆ ಬೆರಳು ಗಾತ್ರದ ತೂತು ಕೊರೆದ. ಒಂದು ಸಂಜೆ ಈಚೆಯಿಂದ ಅಣ್ಣ ತಂತಿ ತಳ್ಳಿದ, ಆಚೆಯಿಂದ ತಮ್ಮ ಎಳೆದುಕೊಂಡ. ಒಂದು ಮಾತೂ ಆಗಲಿಲ್ಲ.

ಚಾನೆಲ್ ಬದಲಾಯಿಸುವ ಸೆಟ್‌ಟಾಪ್ ಪೆಟ್ಟಿಗೆ ಒಂದೇ, ಟಿವಿ ಎರಡು. ಈಚೆಯ ಹಜಾರದಲ್ಲಿ ಯಾವ ಚಾನೆಲ್ ಹಾಕಿದರೆ ಆಚೆಯ ಕೋಣೆಯಲ್ಲೂ ಅದೇ ಬರುತ್ತದೆ. ಮೊದಲ ವಾರದಲ್ಲೇ ತಾಯಿ ಅದಕ್ಕೊಂದು ಉಪಾಯ ಕಂಡುಕೊಂಡಳು. ಊರುಗೋಲಿನಿಂದ ಗೋಡೆಗೆ ಒಮ್ಮೆ ಕುಟ್ಟಿದರೆ ಬೇರೆ ಹಾಕು ಎಂದು, ಎರಡು ಸಲ ಕುಟ್ಟಿದರೆ ಅದೇ ಇರಲಿ ಎಂದು, ಮೂರು ಸಲ ಕುಟ್ಟಿದರೆ ಮಲಗುತ್ತೇನೆ ಎಂದು. ಸಂಜೆ ಏಳಕ್ಕೆ ಸಿಗ್ನಲ್ಲಣ್ಣ ಎಲ್ಲಿದ್ದರೂ ಮನೆಗೆ ಬಂದು ರಿಮೋಟ್ ಹಿಡಿಯುತ್ತಿದ್ದ. ವಾರ್ತೆ: ಒಂದು ಕುಟ್ಟು. ಅಡುಗೆಯ ಕಾರ್ಯಕ್ರಮ: ಒಂದು ಕುಟ್ಟು, ಸ್ವಲ್ಪ ಜೋರಾಗಿ. ಅತ್ತೆ ಸೊಸೆಯ ಧಾರಾವಾಹಿ: ಎರಡು. ಕುಟ್ಟುವ ಬಗೆಯಲ್ಲೇ ಅವನಿಗೆ ತಾಯಿಯ ದಿನ ಹೇಗಿತ್ತೆಂದು ತಿಳಿಯುತ್ತಿತ್ತು. ನೋವಿದ್ದ ದಿನ ಕುಟ್ಟು ಮೆತ್ತಗೆ, ಸಿಟ್ಟಿದ್ದ ದಿನ ಗೋಡೆಯ ಸುಣ್ಣ ಉದುರುವಂತೆ. ಉಳಿದ ಸುದ್ದಿಯನ್ನು ಹೆಂಡತಿ ತರುತ್ತಿದ್ದಳು. ವಾರಕ್ಕೊಮ್ಮೆ ಹಿತ್ತಲಿನಿಂದ ಹೋಗಿ ಅತ್ತೆಯ ತಲೆ ಬಾಚಿ ಬರುತ್ತಿದ್ದಳು.

ಈಗ ಹೆಂಡತಿ ಮಗಳ ಬಾಣಂತನಕ್ಕೆಂದು ಬೇರೆ ಊರಿನಲ್ಲಿದ್ದಳು. ಅಂಥ ಹೊತ್ತಿನಲ್ಲೇ ಒಂದು ಸೋಮವಾರ ಸಂಜೆ ಗೋಡೆ ಸುಮ್ಮನಾಯಿತು.

ಅವನು ಧಾರಾವಾಹಿ ಹಾಕಿದ. ಆಚೆಯಿಂದ ತಾಯಿ ಕುಟ್ಟಲಿಲ್ಲ. ಕಾದ. ವಾರ್ತೆಗೆ ಬದಲಾಯಿಸಿದ, ಸ್ಟುಡಿಯೋದಲ್ಲಿ ಆರು ಜನ ಒಟ್ಟಿಗೆ ಕಿರುಚುತ್ತಿದ್ದರು, ತಾಯಿಗೆ ಮೈ ಉರಿಯುವ ಕಾರ್ಯಕ್ರಮ. ಕುಟ್ಟಲಿಲ್ಲ. ಅಡುಗೆ, ಕುಸ್ತಿ, ಯಾವುದೋ ಭಾಷೆಯ ಹಾಡು. ಗೋಡೆಗೆ ಕಿವಿಯಿಟ್ಟ. ಗೋಡೆ ತಣ್ಣಗಿತ್ತು. ಕೊನೆಗೆ ತಾನೇ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕುಟ್ಟಿದ್ದಕ್ಕೆ ನಾಚಿಕೊಂಡು, ಹೆಂಡತಿಗೆ ಫೋನು ಮಾಡಿದ.

"ಅಮ್ಮ ಕುಟ್ತಿಲ್ಲ."

"ಮಲಗಿರ್ಬಹುದು."

"ಏಳೂವರೆಗಾ?"

"ಹಾಗಾದ್ರೆ ಹೋಗಿ ನೋಡಿ. ಎಂಟು ಹೆಜ್ಜೆ ಹಿತ್ತಲು ದಾಟಲ್ಲ, ನಾಲ್ಕು ಊರಾಚೆ ಇರೋ ನನಗೆ ಫೋನ್ ಮಾಡಿ ಗೋಡೆ ಸಮಾಚಾರ ಕೇಳ್ತೀರಾ? ಇಲ್ಲಿ ಮೊಮ್ಮಗಳು ಅಳ್ತಿದಾಳೆ, ಇಡ್ತೀನಿ."

ಅವನಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ತಮ್ಮನ ಬಾಗಿಲಿಗೆ ಎಂದಿನಂತೆ ಬೀಗವಿತ್ತು. ಬಸ್ ನಿಲ್ದಾಣದ ಚಹಾದವನ ಬಳಿ ನಿಂತು, ಕೇಳಿಯೂ ಕೇಳದವನಂತೆ, "ಮೊದಲ ಬಸ್ ಹೋಯ್ತಾ?" ಎಂದ.

"ಹೋಯ್ತು. ನಿನ್ನ ತಮ್ಮನೇ ಓಡಿಸ್ತಿದ್ದ. ಯಾಕೆ?"

"ಏನಿಲ್ಲ."

ತಮ್ಮ ಕೆಲಸಕ್ಕೆ ಹೋಗಿದ್ದಾನೆ. ಅಂದರೆ ಅಂಥ ಕೆಟ್ಟದ್ದೇನೂ ಆಗಿಲ್ಲ. ಆದರೆ ತಾಯಿಗೆ ಜ್ವರವೆಂದು ಯಾರೂ ಕೆಲಸ ಬಿಡುವುದಿಲ್ಲ. ಕೈ ಸೋತು ಕೋಲು ಎತ್ತಲಾಗದಿದ್ದರೂ ಬಿಡುವುದಿಲ್ಲ. ಹೀಗೆ ಒಂದೊಂದೇ ಸಾಧ್ಯತೆಯನ್ನು ಅಳಿಸುತ್ತ, ಅಳಿಸಿದ್ದನ್ನೇ ಮತ್ತೆ ಬರೆದುಕೊಳ್ಳುತ್ತ ಅವನು ಆ ದಿನವೆಲ್ಲ ಚಾವಣಿಗಳ ಮೇಲೆ ಓಡಾಡಿದ. ಒಂದು ಮನೆಯಲ್ಲಿ ಕನೆಕ್ಟರನ್ನು ತಿರುವುಮುರುವಾಗಿ ಹಾಕಿದ. ಇನ್ನೊಂದು ಮನೆಯಲ್ಲಿ ಏಣಿಯನ್ನೇ ಬಿಟ್ಟು ಬಂದ. ಗಿರಣಿಯವನ ಹೆಂಡತಿ, "ಏನ್ ಸಿಗ್ನಲ್ಲಣ್ಣ, ನಿನ್ನ ತಂತೀಲಿ ಎರಡು ಖಂಡದಾಚೆಯ ಚುನಾವಣೆ ಬರುತ್ತೆ, ಪಕ್ಕದ ಊರಲ್ಲಿ ಮಳೆ ಬಂತೋ ಇಲ್ವೋ ಬರಲ್ಲ" ಎಂದು ಹಾಸ್ಯ ಮಾಡಿದಳು. ಅವನು ನಗಲಿಲ್ಲ. ಪಕ್ಕದ ಊರು ಹಾಗಿರಲಿ, ಒಂಬತ್ತು ಅಂಗುಲದ ಗೋಡೆಯಾಚೆಯ ಸುದ್ದಿಯೇ ಅವನಿಗೆ ಬರುತ್ತಿರಲಿಲ್ಲ.

ಮಂಗಳವಾರ ಸಂಜೆಯೂ ಗೋಡೆ ಮಾತಾಡಲಿಲ್ಲ.

ಬುಧವಾರ ಮಧ್ಯಾಹ್ನ ತಮ್ಮನ ಮನೆಗೆ ಅಡುಗೆ ಮಾಡಿಕೊಡಲು ಬರುವ ಹೆಂಗಸನ್ನು ಅವನು ಬೀದಿಯ ತಿರುವಿನಲ್ಲೇ ಅಡ್ಡಗಟ್ಟಿದ. ಬೀಗದ ಕೈ ಇರುವುದು ಅವಳ ಬಳಿ.

"ಅಮ್ಮ ಹೇಗಿದಾಳೆ?"

"ಚೆನ್ನಾಗಿದಾರಪ್ಪ. ಉಪ್ಪು ಜಾಸ್ತಿ ಆಯ್ತು ಅಂತ ಬೈದ್ರು, ಇನ್ನೇನು ಬೇಕು?"

"ಗೋಡೆ... ಅಂದ್ರೆ, ಟಿವಿ ನೋಡ್ತಿಲ್ವಾ?"

"ನೋಡದೇ ಏನು! ನಿಮ್ಮ ತಮ್ಮ ಹೊಸ ಡಿಶ್ ಹಾಕ್ಸಿದ್ರಲ್ಲ, ಸೋಮವಾರ ಮಧ್ಯಾಹ್ನ. ನಿಮಗೆ ಗೊತ್ತಿಲ್ವಾ?" ಎಂದವಳು, ಅವನ ಮುಖ ನೋಡಿ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕುತ್ತ ಹೊರಟುಹೋದಳು.

ಸಿಗ್ನಲ್ಲಣ್ಣ ಮನೆಗೆ ಹೋಗಿ ಮಾಳಿಗೆ ಹತ್ತಿದ. ತಮ್ಮನ ಮಾಳಿಗೆಯ ನೀರಿನ ತೊಟ್ಟಿಯ ಹಿಂದೆ, ಈಚೆಯಿಂದ ಸುಲಭಕ್ಕೆ ಕಾಣದ ಹಾಗೆ, ಬೂದು ಬಣ್ಣದ ಹೊಸ ತಟ್ಟೆ ಆಕಾಶ ನೋಡುತ್ತ ಕೂತಿತ್ತು. ಊರಿನ ಯಾವ ಚಾವಣಿಯ ಮೇಲೆ ಏನಿದೆಯೆಂದು ಬಾಯಿಪಾಠ ಇದ್ದವನು ತನ್ನ ಮಗ್ಗುಲಿನ ಚಾವಣಿಯನ್ನು ನೋಡಿರಲಿಲ್ಲ. ಕೆಳಗಿಳಿದು ಹಜಾರದ ಗೋಡೆಯ ತೂತಿನಲ್ಲಿದ್ದ ತಂತಿಯನ್ನು ಮೆಲ್ಲಗೆ ಜಗ್ಗಿದ. ಯಾರೂ ಹಿಡಿದಿರಲಿಲ್ಲ. ಮೊಳದಷ್ಟು ತಂತಿ ಸರಸರ ಈಚೆಗೆ ಬಂತು, ತುದಿಯ ಕನೆಕ್ಟರ್ ಸಮೇತ.

ಭಯ ಹೋಯಿತು. ಅದು ಹೋದ ಜಾಗದಲ್ಲಿ ಬಂದು ಕೂತದ್ದು ಅದಕ್ಕಿಂತ ಕೆಟ್ಟದ್ದು. ಊರಿನವರು ಬಿಟ್ಟರೆ ತಂತಿ ಸುತ್ತಿಕೊಂಡು ಬರಬಹುದು. ತಾಯಿಯೇ ಬಿಟ್ಟರೆ ಏನು ಸುತ್ತಿಕೊಳ್ಳುವುದು? ಡಿಶ್ ಹಾಕಿದವನು ತಮ್ಮ, ಸರಿ. ಆದರೆ ಅವಳು ಬೇಡ ಎನ್ನಬಹುದಿತ್ತಲ್ಲ. ಒಂದು ಸಲ, ಕೊನೆಯದಾಗಿ, ಮೂರು ಕುಟ್ಟಿ ಹೇಳಬಹುದಿತ್ತಲ್ಲ. ಆ ರಾತ್ರಿ ಹೆಂಡತಿ ಫೋನು ಮಾಡಿದಾಗ, "ನಿಮ್ಮತ್ತೆ ಕಂಪೆನಿ ಬದಲಾಯಿಸಿದಾಳೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಮುಂದಿನ ದಿನಗಳಲ್ಲಿ ಅವನು ಏಳು ಗಂಟೆಗೆ ಮನೆಗೆ ಬರುವುದನ್ನು ಬಿಟ್ಟ. ಆದರೆ ಏಳಾಗುತ್ತಲೇ ಯಾವುದೋ ಚಾವಣಿಯ ಮೇಲೆ ನಿಂತವನಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಬಿಗಿಯಾಗಿದ್ದ ಕ್ಲಿಪ್ಪುಗಳನ್ನೇ ಮತ್ತೆ ಬಿಗಿಮಾಡುತ್ತಿದ್ದ.

ಭಾನುವಾರ ಡ್ರೈವರ್‌ಗೆ ರಜೆ. ಬೆಳಿಗ್ಗೆ ಸಿಗ್ನಲ್ಲಣ್ಣ ತನ್ನ ಮಾಳಿಗೆಯಲ್ಲಿ ತಂತಿ ಸರಿಮಾಡುತ್ತಿದ್ದಾಗ ಆಚೆಯಿಂದ ಕಬ್ಬಿಣದ ಸದ್ದು ಕೇಳಿಸಿತು. ತಮ್ಮ ಸ್ಪ್ಯಾನರ್ ಹಿಡಿದು ಹೊಸ ಡಿಶ್ಶಿನ ಜೊತೆ ಗುದ್ದಾಡುತ್ತಿದ್ದ.

"ಅಮ್ಮಾ, ಬಂತಾ?"

ಕೆಳಗಿನಿಂದ, ಮೆಟ್ಟಿಲ ಬಾಯಿಯೊಳಗಿಂದ ಉತ್ತರ ಬಂತು: "ಇಲ್ಲಾ..."

ಸಿಗ್ನಲ್ಲಣ್ಣನ ಕೈ ನಿಂತಿತು. ದನಿ ಗಟ್ಟಿಯಾಗಿಯೇ ಇತ್ತು.

"ಈಗ?"

"ಇಲ್ಲಾ."

ತಮ್ಮ ಡಿಶ್ಶನ್ನು ಎಡಕ್ಕೆ ತಳ್ಳಿದ, ಬಲಕ್ಕೆ ತಳ್ಳಿದ, ಬಸ್ಸಿನ ಸ್ಟೀರಿಂಗ್ ತಿರುಗಿಸುವಂತೆ ಪೂರ್ತಿ ಒಂದು ಸುತ್ತು ಹೊಡೆಸಲು ನೋಡಿದ. ಬಿಚ್ಚಬಾರದ ಬೋಲ್ಟ್ ಬಿಚ್ಚಿದ. ಆಮೇಲೆ ಅದನ್ನು ಇನ್ನೊಂದು ಜಾಗಕ್ಕೆ ಹಾಕಿ ಬಿಗಿಮಾಡಿದ. ನೋಡುತ್ತ ನಿಲ್ಲುವುದು ಹಲ್ಲು ನೋವನ್ನು ಸಹಿಸಿದಂತಿತ್ತು. ಕಸುಬಿನವನ ಬಾಯಿ ಅವನ ಹಠವನ್ನು ಕೇಳಲಿಲ್ಲ.

"ಆ ಬೋಲ್ಟ್ ಮುಟ್ಟಿದ್ರೆ ಮುಂದಿನ ಭಾನುವಾರಕ್ಕೂ ಬರಲ್ಲ."

ತಮ್ಮ ತಿರುಗದೆ ಡಿಶ್ಶಿಗೇ ಹೇಳಿದ: "ಕೇಳಿದೋರ್ಯಾರು?"

"ಯಾರೂ ಕೇಳಿಲ್ಲ. ಕಣ್ಣಿಗೆ ಚುಚ್ತಿದೆ, ಅದಕ್ಕೆ ಹೇಳ್ದೆ."

"ಕಣ್ಣು ಆ ಕಡೆ ಇಟ್ಕೋ."

"ಎತ್ತರ ಎರಡು ಬೆರಳು ಇಳಿದಿದೆ ಕಣೋ. ನೀನು ನೋಡ್ತಿರೋ ಕಡೆ ಸಿಗೋದು ಹದ್ದು ಮಾತ್ರ."

ತಮ್ಮ ಸ್ಪ್ಯಾನರ್ ಕೆಳಗಿಟ್ಟ. ಮೊದಲೇ ಬಿಸಿಲು, ಅಂಗಿ ಬೆನ್ನಿಗೆ ಅಂಟಿತ್ತು. "ಹಾಗಾದ್ರೆ ಬಂದು ನೀನೇ ಹದ್ದು ಓಡ್ಸು" ಎಂದ.

ನಡುವಿನ ಕಟ್ಟೆ ಮೊಣಕಾಲೆತ್ತರದ್ದು. ಸಿಗ್ನಲ್ಲಣ್ಣ ಅದನ್ನು ದಾಟಿದ. ಮೀಟರಿನ ತಂತಿಯನ್ನು ಡಿಶ್ಶಿನ ಬಾಯಿಗೆ ಸಿಕ್ಕಿಸಿ, ಉಸಿರು ಹಿಡಿದು, ಕೂದಲೆಳೆಯಷ್ಟು ಮೇಲೆ, ಕೂದಲೆಳೆಯಷ್ಟು ಎಡಕ್ಕೆ ಸರಿಸಿದ. ಮುಳ್ಳು ಏರಿತು, ಏರಿ ನಿಂತಿತು. ಇದಕ್ಕಿಂತ ಒಳ್ಳೆಯ ಸಿಗ್ನಲ್ ಅವನು ಈ ವರ್ಷ ಕಂಡಿರಲಿಲ್ಲ.

"ಕೇಳು ಈಗ."

"ಅಮ್ಮಾ, ಬಂತಾ?"

"ಇಲ್ವೋ!"

ಅವನು ಮೀಟರ್ ನೋಡಿದ. ಕನೆಕ್ಟರ್ ಬಿಚ್ಚಿ ಮತ್ತೆ ಹಾಕಿದ. ಮುಳ್ಳು ಅಲ್ಲೇ ಇತ್ತು. "ಇನ್ನೊಂದು ಸಲ ಕೇಳು."

"ಅಮ್ಮಾ!"

"ಇಲ್ಲ ಅಂದ್ನಲ್ಲ. ಬರೀ ಮಂಜು!"

"ನಿನ್ನ ಮೀಟರ್ ಗುಜರಿಗೆ ಹಾಕು" ಎಂದ ತಮ್ಮ.

"ನನ್ನ ಮೀಟರ್ ಸುಳ್ಳು ಹೇಳಲ್ಲ."

"ಹಾಗಾದ್ರೆ ಅಮ್ಮ ಸುಳ್ಳು ಹೇಳ್ತಾಳಾ?"

ಸಿಗ್ನಲ್ಲಣ್ಣ ಮೀಟರನ್ನು ಚೀಲಕ್ಕೆ ಹಾಕಿಕೊಂಡ. ಅವನ ತಲೆ ಒಂದೇ ಮಾತಿಗೆ ಸಿಕ್ಕಿಕೊಂಡಿತ್ತು. ಮಂಜು. ಈಗಿನ ಚಿತ್ರದಲ್ಲಿ ಮಂಜು ಎಂಬುದೇ ಇಲ್ಲ. ಬಂದರೆ ಪೂರ್ತಿ ಬರುತ್ತದೆ. ಕೆಟ್ಟರೆ ಚೌಕ ಚೌಕವಾಗಿ ಒಡೆಯುತ್ತದೆ, ಇಲ್ಲವೇ ಕಪ್ಪಾಗುತ್ತದೆ. ಮಂಜು ಕವಿಯುತ್ತಿದ್ದುದು ಹಳೆಯ ಆಂಟೆನಾ ಕಾಲದಲ್ಲಿ. ಹೊಸ ಡಿಶ್ಶಿನಲ್ಲಿ ಅದು ಬರಲು ಸಾಧ್ಯವೇ ಇಲ್ಲ.

"ಯಾರೋ ಅದು ನಿನ್ನ ಜೊತೆ?" ಕೆಳಗಿನಿಂದ ತಾಯಿ ಕೂಗಿದಳು. "ಎರಡು ದನಿ ಕೇಳಿಸ್ತಿದೆ."

ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಡಿಶ್ಶಿನ ಕಡೆ ತಿರುಗಿದ.

"ಹಠಮಾರಿಗಳ ಹಾಗೆ ಬಿಸಿಲಲ್ಲಿ ನಿಂತ್ಕೋಬೇಡಿ. ಮಾತಾಡಿದ್ದಾಯ್ತಲ್ಲ, ಇಳಿದು ಬನ್ನಿ ಇಬ್ಬರೂ."

ಸಿಗ್ನಲ್ಲಣ್ಣ ತಮ್ಮನಿಗಿಂತ ಮುಂದಾಗಿ ಮೆಟ್ಟಿಲಿಳಿದ. ಕೋಣೆ ಚಿಕ್ಕದು: ಮಂಚ, ಕಿಟಕಿ, ನೀರಿನ ಚೊಂಬು, ಎದುರಿನ ಮೇಜಿನ ಮೇಲೆ ಟಿವಿ. ಟಿವಿಯಲ್ಲಿ ಒಬ್ಬಾಕೆ ಹಸಿರು ಸೀರೆಯುಟ್ಟು ನಿಂತಿದ್ದಳು. ಅವಳ ಕಿವಿಯ ಓಲೆಯ ಹರಳುಗಳನ್ನು ಎಣಿಸಬಹುದಿತ್ತು. ಚಿತ್ರ ಅಷ್ಟು ಸ್ಪಷ್ಟವಾಗಿತ್ತು. ತಾಯಿ ದಿಂಬಿಗೊರಗಿ ಅದರ ಕಡೆಗೇ ಮುಖ ಮಾಡಿ ಕೂತಿದ್ದಳು. ಆದರೆ ನೋಟ ಮೇಜಿನ ಅಂಚಿನಲ್ಲೆಲ್ಲೋ ಇತ್ತು.

"ನೋಡು, ನೀನೇ ನೋಡು. ಬೆಳ್ಳಗೆ, ಹಾಲು ಚೆಲ್ಲಿದ ಹಾಗೆ" ಎಂದಳು.

ತಮ್ಮ ಬಾಗಿಲಲ್ಲೇ ನಿಂತುಬಿಟ್ಟ. ಸಿಗ್ನಲ್ಲಣ್ಣ ತಾಯಿಯ ಮುಂದೆ ಮಂಡಿಯೂರಿ, ಚೀಲದಿಂದ ಇಕ್ಕಳ ತೆಗೆದು ಅವಳ ಮುಖದೆದುರು ಹಿಡಿದ.

"ಏನಿದು?" ಎಂದು ಕೇಳಿದ.

"ನಿನ್ನ ಕೈ."

"ಕೈಯಲ್ಲಿ?"

ಅವಳು ತುಸು ಹೊತ್ತು ನೋಡಿದಳು. "ಏನೋ ನಿನ್ನ ಹಾಳು ಸಾಮಾನು" ಎಂದಳು. ಅವನ ಕೈ ಹುಡುಕಿ ಹಿಡಿದುಕೊಂಡು, "ಸೊರಗಿದ್ದೀಯಲ್ಲೋ" ಎಂದಳು. ಅದನ್ನು ಅವಳು ಬೆರಳಿನಿಂದ ನೋಡಿದ್ದಳು.

ಅವನು ಅವಳ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಎರಡೂ ಕಣ್ಣ ಗೊಂಬೆಗಳ ಮೇಲೆ ಬೂದಿಯ ಬಣ್ಣದ ಪೊರೆ.

"ಎಷ್ಟು ದಿನದಿಂದ ಹೀಗೆ?"

"ಕಳೆದ ಬೇಸಿಗೇಲೇ ಶುರುವಾಯ್ತಪ್ಪ, ನಿನ್ನ ತಂತೀಲಿ."

"ನನ್ನ ತಂತೀಲಲ್ಲ ಅಮ್ಮ."

"ಮೊದಲು ಮುಖಗಳು ಹೋದ್ವು, ಆಮೇಲೆ ಬಣ್ಣ. ಮಾತು ಚೆನ್ನಾಗಿ ಕೇಳಿಸ್ತಿತ್ತು, ಅದರಲ್ಲೇ ಗುರುತು ಹಿಡೀತಿದ್ದೆ. ನಿನಗೆ ಹೇಳ್ಲಿಲ್ಲ. ಸ್ವಂತ ಅಮ್ಮನಿಗೇ ಪಿಚ್ಚರ್ ಸರಿಯಾಗಿ ಕೊಡೋಕೆ ಬರಲ್ಲ ಅಂತ ಊರಿಗೆ ಗೊತ್ತಾದ್ರೆ ನಿನ್ನ ಮರ್ಯಾದೆ ಏನಾಗ್ಬೇಕು?"

"ನನಗೆ ಹೇಳಿದ್ಲು" ಎಂದ ತಮ್ಮ ಬಾಗಿಲಿನಿಂದ. ದನಿ ಇಳಿದಿತ್ತು. "ಕೇಬಲ್‌ನಲ್ಲಿ ಮಂಜು ಮಂಜು ಅಂದ್ಲು. ಅದಕ್ಕೇ ಡಿಶ್ ಹಾಕ್ಸಿದ್ದು. ಹಾಕ್ಸಿದ ಮೇಲೂ ಅದೇ ಮಾತು. ನಾನು ನೋಡಿದಾಗ ಚೆನ್ನಾಗೇ ಇರ್ತಿತ್ತು. ನಾನು ಹೋದ್ಮೇಲೆ ಕೆಡುತ್ತೇನೋ ಅಂದ್ಕೊಂಡೆ." ಅವನು ನೆಲ ನೋಡಿದ. "ಚೊಂಬು ಉರುಳಿಸ್ತಿದ್ಲು. ಕೈ ನಡುಗುತ್ತೆ ಅಂದ್ಕೊಂಡೆ."

ಕುಟ್ಟಿದ ಸದ್ದಿನಲ್ಲೇ ತಾಯಿಯ ನೋವನ್ನೂ ಸಿಟ್ಟನ್ನೂ ಅಳೆದವನು ಸಿಗ್ನಲ್ಲಣ್ಣ. ಕಾಣುತ್ತಿದೆಯೇ ಎಂದು ಮಾತ್ರ ಅವನು ಕೇಳಿರಲಿಲ್ಲ. ತಂತಿ ಸರಿಯಿದ್ದರೆ ಕಾಣುತ್ತದೆ ಎಂಬುದೇ ಅವನ ಲೆಕ್ಕವಾಗಿತ್ತು. ಎದ್ದು ನಿಂತವನ ಹಿಮ್ಮಡಿ ನೆಲ ಕುಟ್ಟತೊಡಗಿತು.

"ಪೊರೆ ಬಂದಿದೆ. ತೆಗೀತಾರೆ. ತಡ ಆಗಿದೆಯೋ ಏನೋ ಅವರೇ ಹೇಳ್ಬೇಕು."

"ನಾಳೆ ಮೊದಲ ಬಸ್ ನಂದೇ. ಕಣ್ಣಾಸ್ಪತ್ರೆ ಮುಂದೇನೇ ಹೋಗುತ್ತೆ."

"ಬಸ್ ಹತ್ತಿಸೋದು ಹೇಗೆ? ಸೊಂಟ?"

"ಕುರ್ಚಿ ಸಮೇತ ಎತ್ತೋದು. ನೀನು ಹಿಂದೆ ಹಿಡ್ಕೋ, ನಾನು ಮುಂದೆ. ಸ್ವಲ್ಪ ಓರೆ ಮಾಡಿದ್ರೆ..."

"ಓರೆ ಮಾಡಿದ್ರೆ ಜಾರ್ತಾಳೆ. ಎಡಕ್ಕೆ ಎರಡು ಬೆರಳು..."

"ನಾನೇನು ಡಿಶ್ಶೇನ್ರೋ, ಆ ಕಡೆ ಈ ಕಡೆ ತಿರುಗಿಸೋಕೆ?" ಎಂದಳು ತಾಯಿ.

ಮರುದಿನ ಮೊದಲ ಬಸ್ಸು ಹೊರಡುವುದು ತಡವಾಯಿತು. ಕುರ್ಚಿ ಬಾಗಿಲಲ್ಲಿ ಸಿಕ್ಕಿಕೊಂಡು, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು, ಕಂಡಕ್ಟರನೂ ಕೈ ಹಾಕಿ, ಅಂತೂ ತಾಯಿ ಮುಂದಿನ ಸೀಟಿನಲ್ಲಿ ಕೂತಳು. ಡ್ರೈವರ್ ಗುಂಡಿ ಕಂಡಲ್ಲೆಲ್ಲ ಬಸ್ಸನ್ನು ನಡೆಸಿಕೊಂಡು ಹೋದ. ಹಿಂದಿನಿಂದ ಯಾರೋ, "ಏನಪ್ಪಾ, ಮದುವೆ ಮೆರವಣಿಗೇನಾ?" ಎಂದರು. ಸಿಗ್ನಲ್ಲಣ್ಣನ ಜೇಬಿನಲ್ಲಿ ಫೋನು ಬಿಡದೆ ಅದುರುತ್ತಿತ್ತು. ಗಿರಣಿಯವರ ಓಣಿಗೆ ಚಿತ್ರವಿಲ್ಲ, ಶಾಲೆಯ ಹಿಂದಿನ ಸಾಲಿಗೆ ಚಿತ್ರವಿಲ್ಲ. ಅವನು ಒಂದು ಕೈಯಲ್ಲಿ ತಾಯಿಯ ಭುಜ ಹಿಡಿದು ಇನ್ನೊಂದು ಕೈಯಿಂದ ಫೋನು ಎತ್ತಿ, "ಇವತ್ತು ಆಗಲ್ಲ, ಮಾತಾಡ್ಕೊಂಡು ಕೂತಿರಿ" ಎಂದು ಇಟ್ಟ.

"ಎಲ್ಲಿಗೆ ಬಂದ್ವಿ?" ಎಂದಳು ತಾಯಿ.

"ಸೇತುವೆ ದಾಟಿದ್ವಿ."

"ನೀರಿದೆಯಾ?"

ಅವನು ಕಿಟಕಿಯಿಂದ ಬಗ್ಗಿ ನೋಡಿದ. "ಇದೆ, ಸ್ವಲ್ಪ. ಒಬ್ಬ ಲಾರಿ ತೊಳೀತಿದಾನೆ. ಅವನ ನಾಯಿ ಮೈಮೇಲೆ ನೀರು ಬಿತ್ತು ಅಂತ ಓಡ್ತಿದೆ. ಈಗ ಒಂದು ಸೈಕಲ್ ಅಂಗಡಿ ಬಂತು, ಮುಚ್ಚಿದೆ, ಆಮೇಲೆ ಹೊಸ ಮನೆ ಕಟ್ತಿದಾರೆ, ಆಮೇಲೆ..."

"ನಿಧಾನಕ್ಕೆ ಹೇಳೋ" ಎಂದಳು ಅವಳು. "ಆ ನಾಯಿ ಯಾವ ಬಣ್ಣ?"

ಬಸ್ಸು ಮುಂದೆ ಬಂದುಬಿಟ್ಟಿತ್ತು. ಸಿಗ್ನಲ್ಲಣ್ಣ ಕತ್ತು ಹೊರಳಿಸಿ ಹಿಂದೆ ನೋಡಿದ. ಧೂಳಿನಲ್ಲಿ ಏನೂ ಕಾಣಲಿಲ್ಲ.

"ಕಂದು" ಎಂದ ಡ್ರೈವರ್, ರಸ್ತೆಯಿಂದ ಕಣ್ಣು ತೆಗೆಯದೆ. "ಬಾಲದ ತುದಿ ಬಿಳಿ. ದಿನಾ ನೋಡ್ತೀನಿ ಅದನ್ನ."